ಓಲ್ಡ್ ಟ್ರ್ಯಾಫರ್ಡ್‌ನ ಏಳನೇ ನಂಬರ್

1950ರ ದಶಕದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೂರು ಸಲ ಲೀಗ್ ಗೆದ್ದಾಗ ಬಲಬದಿಯ ವಿಂಗರ್ ಆಗಿ ಆಡಿದವರು ಜಾನಿ ಬೆರಿ. 1958ರ ಫೆಬ್ರುವರಿ 6ರ ಮ್ಯೂನಿಕ್ ವಿಮಾನ ದುರಂತದಲ್ಲಿ ಅವರ ಜೀವ ಉಳಿಯಿತು, ಆಟ ಉಳಿಯಲಿಲ್ಲ. 7ನೇ ನಂಬರಿನ ದೊಡ್ಡ ಹೆಸರುಗಳನ್ನು ನೆನೆಯುವಾಗ ಯಾರೂ ಬೆರಿಯನ್ನು ನೆನೆಯುವುದಿಲ್ಲ. ಆಗ ಆ ಅಂಕಿಗೆ ಅಷ್ಟೊಂದು ಮಹತ್ವವೂ ಇರಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1939ರಲ್ಲಿ ಜೆರ್ಸಿಗೆ ನಂಬರ್ ಕಡ್ಡಾಯ ಮಾಡಿದ್ದು ಯಾರು ಎಲ್ಲಿ ಆಡುತ್ತಾರೆಂದು ತಿಳಿಯಲಿ ಎಂದು. ಗೋಲ್‌ಕೀಪರ್‌ಗೆ 1, ಸೆಂಟರ್ ಫಾರ್ವರ್ಡ್‌ಗೆ 9, ಬಲಬದಿಯ ವಿಂಗರ್‌ಗೆ 7. ಆ ದಿನ ಯಾರು ಆ ಜಾಗದಲ್ಲಿ ಆಡುತ್ತಾರೋ ಅಂಕಿ ಅವರದು.

ಈ ಅಂಕಿಗೆ ಮೊದಲು ಮೆರುಗು ಕೊಟ್ಟವರು ಬೆಲ್‌ಫಾಸ್ಟ್‌ನ ಜಾರ್ಜ್ ಬೆಸ್ಟ್. 1968ರ ಯುರೋಪಿಯನ್ ಕಪ್ ಫೈನಲ್, ವೆಂಬ್ಲಿ ಅಂಗಣ, ಎದುರಿಗೆ ಪೋರ್ಚುಗಲ್ಲಿನ ಬೆನ್ಫಿಕಾ. ನಿಗದಿತ ವೇಳೆ ಮುಗಿದಾಗ 1–1. ಹೆಚ್ಚುವರಿ ವೇಳೆ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಬೆಸ್ಟ್ ಚೆಂಡು ಹಿಡಿದು ಒಬ್ಬ ಡಿಫೆಂಡರನ್ನು ದಾಟಿದರು, ಮುನ್ನುಗ್ಗಿ ಬಂದ ಗೋಲ್‌ಕೀಪರನ್ನೂ ಬಳಸಿಕೊಂಡು ಹೋಗಿ ಖಾಲಿ ಗೋಲಿನೊಳಗೆ ಚೆಂಡನ್ನು ಉರುಳಿಸಿದರು. ಯುನೈಟೆಡ್ 4–1ರಿಂದ ಗೆದ್ದಿತು. ಆ ರಾತ್ರಿ ತಂಡ ತೊಟ್ಟಿದ್ದು ಕೆಂಪಲ್ಲ, ನೀಲಿ ಅಂಗಿ. ಬೆಸ್ಟ್ ಬೆನ್ನ ಮೇಲಿದ್ದದ್ದು 7. ಆದರೂ ಅವರನ್ನು 7ಕ್ಕೆ ಮಾತ್ರ ಕಟ್ಟಿಹಾಕುವುದು ಸರಿಯಲ್ಲ. ಎಡಬದಿಗೆ ಹೋದಾಗ 11 ತೊಟ್ಟು ಆಡಿದ ಪಂದ್ಯಗಳೂ ಬೇಕಾದಷ್ಟಿವೆ.

ನನ್ನನ್ನು ಕೇಳಿದರೆ, ಈ ನಂಬರಿಗೆ ತೂಕ ತಂದವರು ಬ್ರಯಾನ್ ರಾಬ್ಸನ್. 1981ರ ಅಕ್ಟೋಬರಿನಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ನಿಂದ 15 ಲಕ್ಷ ಪೌಂಡ್ ಕೊಟ್ಟು ಅವರನ್ನು ಕರೆತಂದಾಗ ಬ್ರಿಟನ್ನಿನಲ್ಲಿ ಅದು ದಾಖಲೆಯ ಮೊತ್ತ. ರಾಬ್ಸನ್ ವಿಂಗರ್ ಅಲ್ಲವೇ ಅಲ್ಲ. ಮೈದಾನದ ನಡುವೆ ನಿಂತು ಎದುರಾಳಿಯಿಂದ ಚೆಂಡು ಕಸಿದು, ಮರುಗಳಿಗೆ ಅವರ ಗೋಲಿನ ಮುಂದೆ ಪ್ರತ್ಯಕ್ಷರಾಗುತ್ತಿದ್ದ ಮಿಡ್‌ಫೀಲ್ಡರ್. 7 ಎಂದರೆ ಬಲಬದಿ ಎನ್ನುವ ಲೆಕ್ಕ ಅವರಿಂದ ತಪ್ಪಿತು, ನಾಯಕನ ನಂಬರ್ ಎನ್ನುವ ಹೊಸ ಲೆಕ್ಕ ಹುಟ್ಟಿತು. 1984ರ ಮಾರ್ಚಿನಲ್ಲಿ ಕಪ್ ವಿನ್ನರ್ಸ್ ಕಪ್ ಕ್ವಾರ್ಟರ್‌ಫೈನಲಿನ ಮೊದಲ ಪಂದ್ಯವನ್ನು ಯುನೈಟೆಡ್ ಬಾರ್ಸಿಲೋನಾಕ್ಕೆ 0–2ರಿಂದ ಸೋತಿತ್ತು. ಎದುರಾಳಿ ತಂಡದಲ್ಲಿ ಮರಡೋನಾ. ಮರುಪಂದ್ಯ ಯುನೈಟೆಡ್‌ನ ತವರು ಅಂಗಣ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ. ಕಾರ್ನರ್‌ನಿಂದ ಬಂದ ಚೆಂಡಿಗೆ ನೆಲಮಟ್ಟಕ್ಕೆ ಹಾರಿ ತಲೆ ಕೊಟ್ಟು ರಾಬ್ಸನ್ ಮೊದಲ ಗೋಲು ಹೊಡೆದರು. ಎರಡನೆಯದೂ ಅವರದೇ, ಮೂರನೆಯದು ಫ್ರಾಂಕ್ ಸ್ಟೇಪಲ್‌ಟನ್‌ದು. ಪಂದ್ಯ ಮುಗಿದಾಗ ಜನ ಮೈದಾನಕ್ಕೆ ನುಗ್ಗಿ ನಾಯಕನನ್ನು ಹೆಗಲ ಮೇಲೆ ಹೊತ್ತರು.

1993–94ರಲ್ಲಿ ಪ್ರೀಮಿಯರ್ ಲೀಗ್ ಪ್ರತಿ ಆಟಗಾರನಿಗೂ ಇಡೀ ಋತುವಿಗೆ ಒಂದೇ ನಂಬರ್ ಎಂದು ಗೊತ್ತುಮಾಡಿತು. ಅಂಕಿ ಜಾಗದಿಂದ ಕಳಚಿಕೊಂಡು ಹೆಸರಿಗೆ ಅಂಟಿಕೊಂಡಿತು. ರಾಬ್ಸನ್ ಇನ್ನೂ ತಂಡದಲ್ಲೇ ಇದ್ದರು, ಅವರಿಗೆ ಸಿಕ್ಕಿದ್ದು 12. 7 ಫ್ರಾನ್ಸಿನ ಎರಿಕ್ ಕ್ಯಾಂಟೊನಾ ಪಾಲಾಯಿತು. ಕಾಲರ್ ಎತ್ತಿ ನಿಲ್ಲುತ್ತಿದ್ದ ಕ್ಯಾಂಟೊನಾ 1995ರ ಜನವರಿಯಲ್ಲಿ ಪ್ರೇಕ್ಷಕನೊಬ್ಬನಿಗೆ ಹಾರಿ ಒದ್ದು ತಿಂಗಳುಗಟ್ಟಲೆ ನಿಷೇಧ ಅನುಭವಿಸಿದರು. ಅದೇ ಅಕ್ಟೋಬರ್ 1ರಂದು ಮರಳಿ ಲಿವರ್‌ಪೂಲ್ ಎದುರು ಪೆನಾಲ್ಟಿ ಗೋಲು ಹೊಡೆದರು. 1997ರಲ್ಲಿ, 30ರ ವಯಸ್ಸಿಗೇ ನಿವೃತ್ತರಾದಾಗ ಅಂಗಿ ಡೇವಿಡ್ ಬೆಕಮ್‌ಗೆ ಬಂತು. 2003ರಲ್ಲಿ ಬೆಕಮ್ ಸ್ಪೇನಿಗೆ ಹೊರಟರು. ಆ ಜಾಗಕ್ಕೆ ಬಂದ 18ರ ಹುಡುಗ ಕ್ರಿಸ್ಟಿಯಾನೊ ರೊನಾಲ್ಡೊ ಕೇಳಿದ್ದು ತನ್ನ ಹಳೆಯ 28ನ್ನು. ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ 7ನ್ನೇ ಕೊಟ್ಟರು. 2008ರಲ್ಲಿ ಚಾಂಪಿಯನ್ಸ್ ಲೀಗ್ ಗೆಲ್ಲುವಾಗಲೂ, ಬ್ಯಾಲನ್ ಡಿ'ಓರ್ ಪಡೆಯುವಾಗಲೂ ರೊನಾಲ್ಡೊ ಬೆನ್ನ ಮೇಲಿದ್ದದ್ದು ಅದೇ.

2009ರಲ್ಲಿ ಅವರು ಹೋದ ಮೇಲೆ ಈ ಅಂಗಿ ಹೊರೆಯಾಯಿತು. ಮೈಕಲ್ ಓವನ್, ಏಂಜೆಲ್ ಡಿ ಮರಿಯಾ, ಮೆಂಫಿಸ್ ಡಿಪೇ, ಅಲೆಕ್ಸಿಸ್ ಸಾಂಚೆಜ್ – ದೊಡ್ಡ ಹೆಸರಿನವರು ಬಂದರು, ಯಾರಿಗೂ ಅಲ್ಲಿ ಬೇರೂರಲು ಆಗಲಿಲ್ಲ. ಇವರ ನಡುವೆ ಈಕ್ವೆಡಾರ್‌ನ ಆಂಟೊನಿಯೊ ವಲೆನ್ಸಿಯಾ ಮಾಡಿದ್ದು ನನಗೆ ತುಂಬ ಹಿಡಿಸುತ್ತದೆ. 2011–12ರಲ್ಲಿ ಅವರು ಕ್ಲಬ್ಬಿನ ವರ್ಷದ ಆಟಗಾರ. ಮರುವರ್ಷ 7 ತೊಟ್ಟರು, ಆಟ ಸೊರಗಿತು. ಒಂದೇ ಋತುವಿಗೆ ಅದನ್ನು ಬಿಟ್ಟು ತಮ್ಮ ಹಳೆಯ 25ಕ್ಕೆ ಮರಳಿದರು, ಮುಂದೆ ಅದೇ ಅಂಗಿಯಲ್ಲಿ ಆಡುತ್ತ ತಂಡದ ನಾಯಕರೂ ಆದರು.

2021ರಲ್ಲಿ ರೊನಾಲ್ಡೊ ಮರಳಿ ಬಂದಾಗ 7 ತೊಟ್ಟಿದ್ದ ಎಡಿನ್ಸನ್ ಕವಾನಿ ಅದನ್ನು ಬಿಟ್ಟುಕೊಟ್ಟು 21 ಪಡೆದರು. 2023ರಲ್ಲಿ ಅದು ಚೆಲ್ಸಿಯಿಂದ ಬಂದ ಮೇಸನ್ ಮೌಂಟ್‌ಗೆ ಹೋಯಿತು. ಬೆಕಮ್, ರೊನಾಲ್ಡೊ ಆಟವನ್ನು ನೀವು ನೋಡಿಯೇ ಇರುತ್ತೀರಿ. ಬಿಡುವಾದಾಗ 1984ರ ಆ ಬಾರ್ಸಿಲೋನಾ ಪಂದ್ಯವನ್ನೂ ಒಮ್ಮೆ ನೋಡಿ.