ಕೊರಳಿನ ಗಂಟು: ಲೇಪಕ್ಕಿಂತ ಮೊದಲು ಪರೀಕ್ಷೆ

ಮನುಷ್ಯನ ಶರೀರದಲ್ಲಿ ಸುಮಾರು 600 ದುಗ್ಧಗ್ರಂಥಿಗಳಿವೆ. ಕೊರಳು, ಕಂಕುಳು, ತೊಡೆಸಂದುಗಳಲ್ಲಿ ಗುಂಪುಗೂಡಿರುವ ಈ ಕಾಳಿನಂಥ ಗ್ರಂಥಿಗಳು ರೋಗಾಣುಗಳನ್ನು ತಡೆಯುವ ಕಾವಲುಠಾಣೆಗಳು. ಹಲ್ಲು, ಗಂಟಲು ಬೇನೆಗೊಂಡಾಗ ಅವು ಊದುತ್ತವೆ. ಬೇನೆ ಇಳಿದಂತೆ ತಾವೂ ಇಳಿಯುತ್ತವೆ.

ಸುಶ್ರುತ ಸಂಹಿತೆಯು ಗ್ರಂಥಿ, ಅಪಚಿ, ಅರ್ಬುದಗಳನ್ನು ಒಂದೇ ಅಧ್ಯಾಯದಲ್ಲಿ ಹೇಳಿದರೂ ಬೇರೆಬೇರೆಯಾಗಿಯೇ ಗುರುತಿಸಿದೆ. ಹೊರನೋಟಕ್ಕೆ ಒಂದೇ ಎನಿಸುವುದನ್ನು ಬೇರ್ಪಡಿಸುವ ಆ ಯತ್ನವು ಇಂದು ಜೀವಕೋಶದ ಮಟ್ಟಕ್ಕೆ ಇಳಿದಿದೆ. 2016ರಲ್ಲಿ ಆರಂಭವಾದ ‘ಹ್ಯೂಮನ್ ಸೆಲ್ ಅಟ್ಲಾಸ್’ ಎಂಬ ಅಂತರರಾಷ್ಟ್ರೀಯ ಯೋಜನೆಯು ಮಾನವ ದೇಹದ ಕೋಶಗಳ ನಕ್ಷೆಯನ್ನು ರಚಿಸುತ್ತಿದೆ. ಮಲ್ಟಿಓಮಿಕ್ಸ್ ಎಂಬ ವಿಧಾನದಲ್ಲಿ ಗ್ರಂಥಿಯ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನುಗಳನ್ನು ಒಟ್ಟಾಗಿ ಪರಿಶೀಲಿಸುತ್ತಾರೆ. ಸ್ವಸ್ಥ ಗ್ರಂಥಿಯಲ್ಲಿ ಬಿ-ಕೋಶಗಳೂ ಟಿ-ಕೋಶಗಳೂ ತಮ್ಮತಮ್ಮ ಓಣಿಗಳಲ್ಲಿ ನೆಲೆಸಿರುತ್ತವೆ. ಲಿಂಫೋಮಾ ಬಂದಲ್ಲಿ ಈ ವ್ಯವಸ್ಥೆಯೇ ಕೆಡುತ್ತದೆ. ಆ ಕೇಡನ್ನು ನಕ್ಷೆಯು ಕೋಶಕೋಶವಾಗಿ ತೋರಿಸುತ್ತದೆ.

ಇಂಥ ನಕ್ಷೆಗೂ ಗ್ರಂಥಿಯ ತುಣುಕು ಬೇಕೇ ಬೇಕು. ಕೈಮುಟ್ಟಿ ನೋಡಿದರೆ ಸಾಲದು. ಆದರೆ ಸಮೀರವಾಡಿಯ ಸುತ್ತಲಿನ ಹಳ್ಳಿಗಳಲ್ಲಿ ಗಂಟಿಗೆ ಲೇಪ ಹಚ್ಚಿ ತಿಂಗಳುಗಟ್ಟಲೆ ಕಾಯುವವರನ್ನು ನಾವು ಕಾಣುತ್ತೇವೆ. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುವುದಿಷ್ಟು: ಗಂಟು ಮೂರು ವಾರ ಕಳೆದರೂ ಇಳಿಯದಿದ್ದರೆ, ಅದು ಗಟ್ಟಿಯಾಗಿ ಬೆಳೆಯುತ್ತಿದ್ದರೆ, ತಂಬಾಕು ಜಗಿಯುವವರಂತೂ ತಡಮಾಡದೆ, ಸೂಜಿ ಪರೀಕ್ಷೆ ಅಥವಾ ಬಯಾಪ್ಸಿ ಮಾಡಿಸಿಕೊಳ್ಳಬೇಕು. ಅದು ಕ್ಷಯವಿರಬಹುದು, ಬಾಯಿಯ ಕ್ಯಾನ್ಸರ್ ಹರಡಿದ್ದಿರಬಹುದು, ಲಿಂಫೋಮಾ ಇರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಕ್ಷಯಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಕ್ಯಾನ್ಸರಿಗೆ ಹುಬ್ಬಳ್ಳಿಯ ನವನಗರದ ಆಸ್ಪತ್ರೆಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇವೆ.

ನೋವಿಲ್ಲವೆಂದು ಸುಮ್ಮನಿರಬಾರದು. ಕ್ಯಾನ್ಸರಿನ ಗಂಟು ಮೊದಮೊದಲು ಬಹುಮಟ್ಟಿಗೆ ನೋಯುವುದೇ ಇಲ್ಲ.