ಸ್ಥಾಲೀಪುಲಾಕನ್ಯಾಯವೂ ಜೀವವೈವಿಧ್ಯದ ಗಣನೆಯೂ

ಪಾತ್ರೆಯಲ್ಲಿರುವ ಅನ್ನ ಬೆಂದಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಎಲ್ಲ ಅಗುಳುಗಳನ್ನೂ ಹಿಸುಕಿ ನೋಡಬೇಕಾಗಿಲ್ಲ. ಒಂದು ಅಗುಳು ಸಾಕು. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಆದರೆ ಈ ನ್ಯಾಯದ ಹಿಂದೆ ಒಂದು ನಿಬಂಧನೆ ಅಡಗಿದೆ: ಪಾತ್ರೆಯ ಅಕ್ಕಿಯೆಲ್ಲ ಒಂದೇ ಜಾತಿಯದು, ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಬೆಂದದ್ದು. ಅಡವಿಗೆ ಈ ನಿಬಂಧನೆ ಒಪ್ಪುವುದಿಲ್ಲ. ಹೊಳೆಯ ದಂಡೆಯ ಗಿಡ ಗುಡ್ಡದ ನೆತ್ತಿಯಲ್ಲಿರದು. ಮಳೆಗಾಲದ ಕಪ್ಪೆ ಬೇಸಗೆಯಲ್ಲಿ ಕಾಣದು. ಆದುದರಿಂದ ಒಂದು ನೆಲೆಯಲ್ಲಿ ಎಷ್ಟು ಬಗೆಯ ಜೀವಿಗಳಿವೆಯೆಂದು ಗೊತ್ತುಮಾಡಹೊರಟವರು, ಎಷ್ಟು ಅಗುಳುಗಳನ್ನು, ಎಲ್ಲೆಲ್ಲಿ, ಯಾವಾಗ ತೆಗೆಯಬೇಕೆಂಬುದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಬೇಕಾಯಿತು.

ಈ ಶಾಸ್ತ್ರದ ಆರಂಭದ ಹೆಜ್ಜೆಗಳಲ್ಲಿ ಒಂದು ಅಮೆರಿಕದ ನೆಬ್ರಾಸ್ಕದ ಹುಲ್ಲುಗಾವಲಿನಲ್ಲಿ ಮೂಡಿತು. 1898ರ ಸುಮಾರಿಗೆ ಅಲ್ಲಿನ ಸಸ್ಯಗಳನ್ನು ಅಭ್ಯಸಿಸುತ್ತಿದ್ದ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬವರು ನೆಲದ ಮೇಲೆ ಚೌಕಗಳನ್ನು ಗುರುತಿಸಿ, ಅವುಗಳೊಳಗಿನ ಗಿಡಗಳನ್ನು ಒಂದೊಂದಾಗಿ ಎಣಿಸಿದರು. ಬರಿಗಣ್ಣಿನ ಅಂದಾಜಿಗೂ ಎಣಿಕೆಗೂ ತಾಳೆಯಾಗಲಿಲ್ಲ. ಎದ್ದು ಕಾಣುವ ಹೂವಿನ ಗಿಡವನ್ನು ಕಣ್ಣು ಹೆಚ್ಚಾಗಿ ಲೆಕ್ಕಹಾಕುತ್ತದೆ. ಹುಲ್ಲಿನ ಮರೆಯಲ್ಲಿರುವುದನ್ನು ಬಿಟ್ಟುಬಿಡುತ್ತದೆ. ಚೌಕದ ಗಣನೆಗೆ ಅಂದಿನಿಂದ ಸಸ್ಯಶಾಸ್ತ್ರದಲ್ಲಿ ಸ್ಥಿರವಾದ ಸ್ಥಾನ ದೊರೆಯಿತು.

ಚೌಕವನ್ನು ಎಲ್ಲಿ ಹಾಕಬೇಕೆಂಬುದನ್ನು ಎಣಿಸುವವನ ಇಚ್ಛೆಗೆ ಬಿಡಲಾಗದು. ಬಿಟ್ಟರೆ ಅವನು ಸುಲಭವಾಗಿ ತಲುಪುವ ಜಾಗವನ್ನೋ ಸಮೃದ್ಧವಾಗಿ ತೋರುವ ಜಾಗವನ್ನೋ ಆರಿಸಿಕೊಳ್ಳುತ್ತಾನೆ. ಆದುದರಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕ ಸಂಖ್ಯೆಗಳಿಂದ ಸ್ಥಳವನ್ನು ನಿರ್ಣಯಿಸುತ್ತಾರೆ. ನೆಲೆಯಲ್ಲಿ ಹೊಳೆದಂಡೆ, ಇಳಿಜಾರು, ನೆತ್ತಿ ಎಂಬ ಭೇದಗಳಿದ್ದರೆ ಮೊದಲು ಅವುಗಳನ್ನು ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಚೌಕಗಳನ್ನು ಹಂಚುತ್ತಾರೆ. ಒಂದೆಡೆ ನಿಲ್ಲದ ಪ್ರಾಣಿಗಳಿಗೆ ಬೇರೆ ಉಪಾಯಗಳುಂಟು: ಹಕ್ಕಿಗಳಿಗೆ ನೇರ ದಾರಿಯಲ್ಲಿ ನಡೆಯುತ್ತ ಮಾಡುವ ಎಣಿಕೆ, ಇರುಳಿನ ಪತಂಗಗಳಿಗೆ ದೀಪದ ಬಲೆ, ನೆಲದ ಕೀಟಗಳಿಗೆ ಮಣ್ಣಿನ ಮಟ್ಟಕ್ಕೆ ಹೂತಿಟ್ಟ ಬಟ್ಟಲು.

ಎಷ್ಟು ಎಣಿಸಿದರೂ ಕೆಲವು ಪ್ರಭೇದಗಳು ತಪ್ಪಿಸಿಕೊಂಡೇ ತೀರುತ್ತವೆ. ಹಾಗೆ ತಪ್ಪಿದವುಗಳನ್ನು ಅಂದಾಜು ಮಾಡುವುದು ಸಾಧ್ಯವೆ? ಮಲಯ ದೇಶದಲ್ಲಿ ಚಿಟ್ಟೆಗಳನ್ನು ಸಂಗ್ರಹಿಸಿದ ಸ್ಟೀವನ್ ಕಾರ್ಬೆಟ್ ಈ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಅವರ ಮುಂದಿಟ್ಟರು, ಸಿ. ಬಿ. ವಿಲಿಯಮ್ಸ್ ಅವರೂ ಕೂಡಿ ಮೂವರ ಪ್ರಬಂಧ 1943ರಲ್ಲಿ ಪ್ರಕಟವಾಯಿತು. ಕಾರ್ಬೆಟ್ ಅವರ ಸಂಗ್ರಹದಲ್ಲಿ 620 ಪ್ರಭೇದಗಳಿದ್ದವು. ಅವುಗಳಲ್ಲಿ 118 ಪ್ರಭೇದಗಳು ಒಂದೊಂದೇ ಚಿಟ್ಟೆಯಾಗಿ, 74 ಪ್ರಭೇದಗಳು ಎರಡೆರಡಾಗಿ ಸಿಕ್ಕಿದ್ದವು. ಒಂದೇ ಒಂದು ಸಲ ಸಿಕ್ಕವು ಇಷ್ಟೊಂದಿದ್ದರೆ, ಒಮ್ಮೆಯೂ ಸಿಕ್ಕದವು ಇನ್ನೂ ಉಂಟೆಂದೇ ಅರ್ಥ. ತೈವಾನಿನ ಆ್ಯನ್ ಚಾವ್ 1984ರಲ್ಲಿ ಇದಕ್ಕೆ ಸರಳವಾದ ಸೂತ್ರವೊಂದನ್ನು ಕೊಟ್ಟರು: ಒಂದೊಂದೇ ಸಿಕ್ಕ ಪ್ರಭೇದಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎರಡೆರಡು ಸಿಕ್ಕವುಗಳ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಬೇಕು. ಕಾರ್ಬೆಟ್ ಅವರ ಅಂಕಿಗಳಿಗೆ ಇದನ್ನು ಅನ್ವಯಿಸಿದರೆ 13,924ನ್ನು 148ರಿಂದ ಭಾಗಿಸಿ 94 ಬರುತ್ತದೆ. ಎಂದರೆ ಕಾಣದೆ ಉಳಿದವು ಕಡಮೆಯೆಂದರೂ ಇನ್ನು 94, ಒಟ್ಟು 714.

ಪ್ರಭೇದಗಳ ಸಂಖ್ಯೆಯೊಂದೇ ವೈವಿಧ್ಯವಲ್ಲ. ಎರಡು ತೋಪುಗಳಲ್ಲಿ ತಲಾ 100 ಮರ, ತಲಾ 10 ಜಾತಿ ಇವೆಯೆಂದು ಭಾವಿಸೋಣ. ಒಂದರಲ್ಲಿ ಪ್ರತಿ ಜಾತಿಗೂ 10 ಮರ. ಇನ್ನೊಂದರಲ್ಲಿ ಒಂದೇ ಜಾತಿಯ 91 ಮರ, ಉಳಿದ ಜಾತಿಗಳಿಗೆ ಒಂದೊಂದು. ಪಟ್ಟಿಯಲ್ಲಿ ಎರಡೂ ಸಮಾನ. ಆದರೆ ಯಾವುದಾದರೂ ಎರಡು ಮರಗಳನ್ನು ಆರಿಸಿದಾಗ ಅವು ಬೇರೆಬೇರೆ ಜಾತಿಯವಾಗಿರುವ ಸಂಭವ ಮೊದಲನೆಯದರಲ್ಲಿ ನೂರಕ್ಕೆ 91, ಎರಡನೆಯದರಲ್ಲಿ ಕೇವಲ 17. ಇದು 1949ರಲ್ಲಿ ಎಡ್ವರ್ಡ್ ಸಿಂಪ್ಸನ್ ಸೂಚಿಸಿದ ಅಳತೆಯನ್ನು ಅನುಸರಿಸಿದ ಲೆಕ್ಕ.

ಅಳತೆಯ ಕ್ರಮ ಒಂದೇ ಆದಾಗ ಮಾತ್ರ ಹೋಲಿಕೆಗೆ ಬೆಲೆ. ಪನಾಮದ ಬಾರೊ ಕೊಲೊರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ 50 ಹೆಕ್ಟೇರಿನ ಕ್ಷೇತ್ರವೊಂದನ್ನು ಗೊತ್ತುಮಾಡಿ, ಒಂದು ಸೆಂಟಿಮೀಟರ್ ವ್ಯಾಸಕ್ಕೆ ಕಡಮೆಯಿಲ್ಲದ ಪ್ರತಿಯೊಂದು ಕಾಂಡವನ್ನೂ ಅಳೆದು ಗುರುತಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1988ರಲ್ಲಿ ತಮಿಳುನಾಡಿನ ಮುದುಮಲೆಯಲ್ಲಿ ಅಷ್ಟೇ ವಿಸ್ತಾರದ ಕ್ಷೇತ್ರದಲ್ಲಿ ಅದೇ ಕ್ರಮವನ್ನು ಅನುಸರಿಸಿದರು. ಪನಾಮದಲ್ಲಿ ಸುಮಾರು 300 ಪ್ರಭೇದಗಳು, ಮುದುಮಲೆಯ ಎಲೆಯುದುರುವ ಕಾಡಿನಲ್ಲಿ ಸುಮಾರು 70. ಈ ಅಂತರವು ಎಣಿಸಿದವರ ಶ್ರಮದ ಹೆಚ್ಚುಕಡಮೆಯಿಂದ ಬಂದುದಲ್ಲ, ಕಾಡುಗಳ ಸ್ವಭಾವದಿಂದಲೇ ಬಂದುದೆಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಕ್ರಮದ ಏಕರೂಪತೆಯಿಂದ.

ಈ ವಿಚಾರ ಕೇವಲ ಪಂಡಿತರದಲ್ಲ. ಅಣೆಕಟ್ಟಿಗೋ ಗಣಿಗೋ ನೆಲವನ್ನು ಬಿಟ್ಟುಕೊಡುವ ಮೊದಲು ಅಲ್ಲಿ ಏನಿದೆಯೆಂಬ ವರದಿ ಸಿದ್ಧವಾಗುತ್ತದೆ. ಸಾತಾರದ ಬಳಿಯ ಕಾಸ್ ಪ್ರಸ್ಥಭೂಮಿಯನ್ನು ಮೇ ತಿಂಗಳಿನಲ್ಲಿ ನೋಡಿದವನಿಗೆ ಕಾಣುವುದು ಜಂಬಿಟ್ಟಿಗೆಯ ಬೋಳು ಹಾಸು. ಮಳೆ ಹಿಡಿದು ಆಗಸ್ಟ್, ಸೆಪ್ಟೆಂಬರ್ ಬಂದರೆ ಅದೇ ಕಲ್ಲಿನ ಮೇಲೆ ಕೀಟಾಹಾರಿ ಗಿಡಗಳೂ ಸೇರಿದಂತೆ ಬಗೆಬಗೆಯ ಹೂಗಳು ಅರಳುತ್ತವೆ. 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಮೇ ತಿಂಗಳಿನ ಒಂದು ದಿನದ ಎಣಿಕೆಯನ್ನು ನಂಬಿದ್ದರೆ ಅದು ಪಾಳುಭೂಮಿಯೆನಿಸುತ್ತಿತ್ತು.

ಆದುದರಿಂದ ಇಂಥ ವರದಿಯನ್ನು ಓದುವವರು ಪ್ರಭೇದಗಳ ಸಂಖ್ಯೆಯನ್ನು ನೋಡುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಎಷ್ಟು ಚೌಕ, ಯಾವ ಋತು, ಸ್ಥಳವನ್ನು ಆರಿಸಿದ ಬಗೆ ಯಾವುದು? ಇವಕ್ಕೆ ಉತ್ತರವಿಲ್ಲದ ಪಟ್ಟಿಯಲ್ಲಿ ಒಂದು ಜೀವಿಯ ಹೆಸರು ಇಲ್ಲವೆಂದರೆ, ಅದು ಕಾಣಲಿಲ್ಲವೆಂದಷ್ಟೇ ಅರ್ಥ. ಆ ನೆಲದಲ್ಲಿ ಅದು ಇಲ್ಲವೆಂದಲ್ಲ.