ರೋಗ ಬರುವ ಮುಂಚಿನ ಕೆಲಸ

ದೇಶ ಗಟ್ಟಿಯಾಗಬೇಕು ಎಂಬ ಮಾತು ಕೋವಿಡ್ ನಂತರ ಎಲ್ಲೆಡೆ ಕೇಳುತ್ತಿದೆ. ಗಟ್ಟಿತನ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ನಾವು ಎಡವುತ್ತಿದ್ದೇವೆ. ಪುಣೆಯ ಅನುಭವ ನೋಡಿ.

ತಪ್ಪು ಕಲ್ಪನೆ: ಲಸಿಕೆ ಕಾರ್ಖಾನೆ ನಮ್ಮಲ್ಲೇ ಇದ್ದರೆ ಸಾಕು.
ಡೋಸ್‌ಗಳ ಲೆಕ್ಕದಲ್ಲಿ ಜಗತ್ತಿಗೇ ದೊಡ್ಡದಾದ ಸೀರಂ ಇನ್‌ಸ್ಟಿಟ್ಯೂಟ್ ಪುಣೆಯಲ್ಲಿದೆ. ಆದರೂ 2021ರ ಬೇಸಿಗೆಯಲ್ಲಿ ಜನ ಲಸಿಕೆ ಸಿಗದೆ ವಾಪಸಾದರು. ಕಚ್ಚಾ ಸಾಮಗ್ರಿಗಾಗಿ ಸೀರಂನ ಮುಖ್ಯಸ್ಥ ಅದಾರ್ ಪೂನಾವಾಲಾ ಅಮೆರಿಕದ ಅಧ್ಯಕ್ಷರಿಗೇ ಮೊರೆಯಿಡಬೇಕಾಯಿತು.

ತಪ್ಪು ಕಲ್ಪನೆ: ಬಡ ದೇಶಕ್ಕೆ ಸಂಶೋಧನೆ ದುಂದುವೆಚ್ಚ, ರೋಗ ಬಂದಾಗ ನೋಡಿಕೊಂಡರಾಯಿತು.
ಅನ್ನಕ್ಕೇ ಪರದಾಡುತ್ತಿದ್ದ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆಯಿತು. ಐದೇ ವರ್ಷಕ್ಕೆ ಅದು ನಮ್ಮ ಮಲೆನಾಡಿನ ಕೈಹಿಡಿಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರ ಕಾಲಿಟ್ಟಿತೇ ಎಂಬ ದಿಗಿಲು. ಪುಣೆಯಿಂದ ಬಂದವರು ಸತ್ತ ಮಂಗ, ರೋಗಿಗಳ ರಕ್ತ, ಉಣುಗು ಎಲ್ಲವನ್ನೂ ಪರೀಕ್ಷಿಸಿ, ಇದು ಹೊಸ ವೈರಸ್ ಎಂದು ಕಂಡುಹಿಡಿದರು. ತರಗೆಲೆಯ ಮೇಲೆ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಸಾಸಿವೆಗಿಂತ ಸಣ್ಣ ಮರಿ ಉಣುಗುಗಳನ್ನು ಒಂದೊಂದಾಗಿ ಹೆಕ್ಕಿ ಸೀಸೆಗೆ ತುಂಬುವ ಕೆಲಸ ಅದು, ತಾಳ್ಮೆಯಿದ್ದವರೇ ಮಾಡಬೇಕು. 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಎಂದು ಹೆಸರು ಬದಲಿಸಿಕೊಂಡ ಆ ಸಂಸ್ಥೆಯೇ 2020ರಲ್ಲಿ ಕೊರೊನಾ ವೈರಸ್ಸನ್ನು ಬೇರ್ಪಡಿಸಿ ಬೆಳೆಸಿತು. ಕೋವ್ಯಾಕ್ಸಿನ್ ತಯಾರಾದದ್ದು ಆ ವೈರಸ್ಸಿನಿಂದ. ದಶಕಗಳಿಂದ ಪಳಗಿದ ಕೈಗಳಿಲ್ಲದೆ ಇದು ಆಗುತ್ತಿರಲಿಲ್ಲ.

ತಪ್ಪು ಕಲ್ಪನೆ: ದಂಡ ಹಿಡಿದರೆ ಸೋಂಕು ನಿಲ್ಲುತ್ತದೆ.
ಇದು ಸುಳ್ಳೆಂಬುದನ್ನು 1897ರ ಪ್ಲೇಗಿನಲ್ಲಿ ಪುಣೆ ಅನುಭವಿಸಿದೆ. ಪ್ಲೇಗ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ಹೆದರಿದ ಜನ ರೋಗಿಗಳನ್ನೇ ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡಿಟ್ಟರು. ಅದೇ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ, ಮಗ ಯಶವಂತರ ಚಿಕಿತ್ಸಾಲಯದಲ್ಲಿ ರೋಗಿಗಳ ಸೇವೆಗೆ ನಿಂತು, ಸೋಂಕು ತಗಲಿ ಮಾರ್ಚ್ 10ರಂದು ತೀರಿಕೊಂಡರು. ಜನರ ನಂಬಿಕೆ ಗಳಿಸುವ ದಾರಿ ಇವರದು. ಆದರೆ 2020ರಲ್ಲೂ ಸರ್ಕಾರಗಳು ಕೈಗೆತ್ತಿಕೊಂಡದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ.

ತಪ್ಪು ಕಲ್ಪನೆ: ಒಮ್ಮೆ ಗೆದ್ದರೆ ಮುಗಿಯಿತು.
ಕ್ಯಾಸನೂರಿನಲ್ಲಿ ಕಂಡ ಆ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಹಳೆಯ ಲಸಿಕೆಯ ಶಕ್ತಿ ಕುಂದಿ, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಆಸರೆ ಎಂದರೆ ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಕೈಕಾಲಿಗೆ ಸವರಿಕೊಳ್ಳುವ ಡೆಪಾ ಎಣ್ಣೆ ಮತ್ತು ಮಂಗ ಸತ್ತದ್ದು ಕಂಡ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸುವ ರೂಢಿ. ಆ ಎಣ್ಣೆ ಚಳಿಗಾಲ ಶುರುವಾಗುವ ಹೊತ್ತಿಗೇ ಮನೆ ತಲುಪಬೇಕು. ಜ್ವರದ ಸುದ್ದಿ ಬಂದ ಮೇಲೆ ಹಂಚಿದರೆ ತಡವಾಗಿರುತ್ತದೆ.